ಹೆಸರಿದ್ದವರಿಗೆ ಮಾತ್ರ

ಸುರೇಂದ್ರ ಎಂಬುವವರು ನಿಮ್ಮ ಬರಹವನ್ನು ನೋಡಲು ಅನುಮತಿ ಕೋರಿದ್ದಾರೆ ಎಂದು ಫೋನು ತಿಳಿಸಿದಾಗ ತೀರ್ಥೇಶ ಶಿಕಾರಿಪುರದ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ಯಾರೋ ಒಬ್ಬನ ಕತ್ತು ಕತ್ತರಿಸುತ್ತಿದ್ದ. ಹುಟ್ಟುಹಬ್ಬದ ಬ್ಯಾನರಿನಲ್ಲಿ ಶುಭ ಕೋರುವವರ ಸಾಲಿಗೆ ಸೇರಿಸಬೇಕಾದ ಮುಖ ಅದು. ಕಳಿಸಿದ ಫೋಟೋದಲ್ಲಿ ಆತ ಮದುವೆ ಊಟಕ್ಕೆ ಕೂತು ಬಾಯಿ ತೆರೆದಿದ್ದ. ತುತ್ತನ್ನು ಅಳಿಸಿ, ಬಿಳಿ ಅಂಗಿ ತೊಡಿಸಿ, ಪಕ್ಕದಲ್ಲೊಂದು ಹುಲಿ ನಿಲ್ಲಿಸಿದರೆ ಹಸಿದವನೂ ಘರ್ಜಿಸುವ ನಾಯಕನಾಗುತ್ತಾನೆಂದು ಹೊಳೆದು, ಹೊಳೆದದ್ದಕ್ಕೆ ಅವನು ತನ್ನಷ್ಟಕ್ಕೆ ನಗುತ್ತಿದ್ದ. ನಗು ಅರ್ಧಕ್ಕೇ ನಿಂತಿತು. ಫೋನಿನಲ್ಲಿ ಕಪ್ಪು ಕನ್ನಡಕ ಹಾಕಿ ಕಾರಿಗೆ ಒರಗಿ ನಿಂತವನ ಪುಟ್ಟ ದುಂಡು ಚಿತ್ರ. ಸುರೇಂದ್ರ. ಅಕ್ಕನ ಗಂಡ. ಅಂಗಡಿಯ ಬಾಗಿಲಲ್ಲೇ ನಿಂತಿದ್ದಾನೇನೋ ಎಂಬಂತೆ ತೀರ್ಥೇಶ ಹಿಂದೆ ತಿರುಗಿ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ, ಎದುರಿನ ಹಣ್ಣಿನ ಗಾಡಿಯವನು ಬಾಳೆಗೊನೆಯ ಮೇಲೆ ನೀರು ಚಿಮುಕಿಸುತ್ತಿದ್ದ. ಆದರೂ ಕತ್ತಿನ ಹಿಂಭಾಗ ತಣ್ಣಗಾಯಿತು. ಅಕ್ಕನ ಮದುವೆಯ ದಿನ ಭಾವ ಅಲ್ಲಿಗೇ ಒಂದು ಬಿಟ್ಟಿದ್ದ, ಪ್ರೀತಿಯಿಂದ. ತೀರ್ಥೇಶ ಹಳೇ ಸಿನಿಮಾ ಖಳನಾಯಕರ ದನಿಯಲ್ಲಿ ಪುರೋಹಿತರನ್ನು ಅಣಕಿಸಿ ಇಡೀ ಛತ್ರವನ್ನು ನಗಿಸಿದ್ದ. ಮದುಮಗ ಬಂದು ಹೆಗಲ ಮೇಲೆ ಕೈ ಹಾಕಿ, "ಇಂವ ನಮ್ ಕಲಾವಿದ ಕಣ್ರಪಾ" ಎಂದು ಕತ್ತಿಗೆ ಫಟ್ಟನೆ ಹೊಡೆದಾಗ ಕಣ್ಣಲ್ಲಿ ನೀರು ಬಂದಿತ್ತು. ನೀರು ಯಾರಿಗೂ ಕಾಣುವ ಮೊದಲೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಕಲಾವಿದ ಎಂದು ಅವನನ್ನು ಬಾಯಿಬಿಟ್ಟು ಕರೆದ ಮೊದಲನೆಯವನು ಭಾವ. ಎರಡನೆಯವನು ಇನ್ನೂ ಹುಟ್ಟಿರಲಿಲ್ಲ.

"ಏನಲೇ ತೀರ್ಥ, ಸೆನ್ಸಾರಿನೋರು ನೋಟೀಸ್ ಕೊಟ್ರೇನು?" ಅಂಗಡಿಯ ಯಜಮಾನ ತನ್ವೀರ್ ಯಂತ್ರದಿಂದ ಇಳಿಯುತ್ತಿದ್ದ ಬ್ಯಾನರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

"ಭಾವ ಕಣಣ್ಣ. ನಾಟ್ಕ ಓದಕ್ಕೆ ಪರ್ಮಿಷನ್ ಕೇಳ್ತಾನೆ."

"ಕೇಳಿದ್ರೆ ಕೇಳ್ಲಿ, ಕೊಡಬ್ಯಾಡ. ಬಾಗ್ಲಿಗೆ ಬೀಗ ಹಾಕಿದ್ದು ನೀನೇ ಅಲ್ಲೇನು?"

"ಭಾವಂಗೆ ಬೀಗ ತೋರ್ಸಕ್ಕಾಗುತ್ತಾ? ಸೋಮವಾರ ಅಕ್ಕನ ವಿಷ್ಯಕ್ಕೆ ಹಿರೇರು ಕೂರೋದೈತೆ."

ತನ್ವೀರ್ ಬ್ಯಾನರನ್ನು ಕೆಳಗಿಟ್ಟು ಅವನನ್ನೇ ನೋಡಿದ. "ಆ ಸೀನ್ ಕಿತ್ತಾಕು ಅಂತ ಅವತ್ತೇ ಅಂದೆ. ನಿಮ್ ಚೈತ್ರಕ್ಕನ್ನ ಒಂದ್ಸಲ ನೋಡ್ದೋರಿಗೂ ಅದ್ರಾಗೆ ನಗು ಬರಾಂಗಿಲ್ಲ."

"ನಿಂಗೆ ಕಾಮಿಡಿ ಸೆನ್ಸ್ ಇಲ್ಲ ಬಿಡು. ಫ್ಲೆಕ್ಸಿಗೆ ಹುಲಿ ಹಾಕೋನಿಗೆ ಹಾಸ್ಯ ಎಲ್ಲಿಂದ ಬರಬೇಕು!" ಎಂದು ತೀರ್ಥೇಶ ತೋಳು ಮಡಚಿ ಹೀರೋ ಭಂಗಿಯಲ್ಲಿ ನಿಂತ. ತನ್ವೀರ್ ನಗಲಿಲ್ಲ. ನಗದವರ ಎದುರು ನಿಂತರೆ ತೀರ್ಥೇಶನಿಗೆ ತನ್ನ ಕೈಕಾಲು ಯಾರದೋ ಎನಿಸುತ್ತಿತ್ತು. ಅವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮತ್ತೆ ಕುರ್ಚಿಗೆ ಬಂದು ಕೂತ.

ಸೊರಬದ ಪಕ್ಕದ ಅವನ ಊರಿನಲ್ಲಿ ಯುವಕ ಸಂಘ ವರ್ಷಕ್ಕೊಂದು ನಾಟಕ ಆಡುತ್ತದೆ. ಈ ವರ್ಷದ್ದನ್ನು ತೀರ್ಥೇಶನೇ ಬರೆದಿದ್ದ. ಪಾತ್ರಧಾರಿಗಳು ಒಬ್ಬ ಸೊರಬದಲ್ಲಿ, ಒಬ್ಬ ಶಿರಾಳಕೊಪ್ಪದಲ್ಲಿ, ಇನ್ನೊಬ್ಬ ಶಿವಮೊಗ್ಗದ ಬಸ್ಸಿನಲ್ಲಿ. ಎಲ್ಲರೂ ಒಂದೇ ಕಡೆ ಓದಿ ಅಲ್ಲಲ್ಲೇ ಸಲಹೆ ಬರೆಯಲೆಂದು ಆನ್‌ಲೈನಿನಲ್ಲಿ ಟೈಪು ಮಾಡಿ, ಲಿಂಕನ್ನು ಊರಿನ ವಾಟ್ಸಾಪ್ ಗುಂಪಿಗೆ ಬಿಟ್ಟಿದ್ದ. ಲಾಗಿನ್ ಬೇಡ, ಹೆಸರು ಬೇಡ, ಬಾಗಿಲು ಹಾರು ಹೊಡೆದಿದೆ, ಬಂದು ಬೈದು ಹೋಗಿ ಎಂದು ಕೆಳಗೆ ಬರೆದಿದ್ದ. ಜನ ಬಂದರು. ಸೂಪರ್ ಮಗಾ ಎಂದರು, ಬೆಂಕಿ ಎಂದರು. ಅವರನ್ನು ಹೆಚ್ಚು ನಗಿಸಿದ್ದು ಎರಡನೆಯ ಅಂಕದ ವನಜ, ಸಾರಿಗೆ ಉಪ್ಪು ಕಡಿಮೆ ಎಂದ ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಓಡಿಬರುವ ಹೆಂಡತಿ. ಬಸ್ಸಿಳಿಯುವಾಗಲೇ ಅಯ್ಯೋ ನನ್ ಕೈಯಿ ಎಂದು ಕಿರುಚುತ್ತಾಳೆ, ತಾಯಿ ಹೋಳಿಗೆ ತಂದರೆ ಅದೇ ಕೈಯಲ್ಲಿ ಮುರಿದು ತಿನ್ನುತ್ತಾಳೆ. ಇಲ್ಲಿ ಜನ ನಗುತ್ತಾರೆ ಎಂದು ತೀರ್ಥೇಶ ಕಂಸದಲ್ಲಿ ಬರೆದುಕೊಂಡಿದ್ದ. ಬರೆಯುವಾಗ ಅಕ್ಕನ ನೆನಪು ಬಂದಿರಲಿಲ್ಲ ಎಂದರೆ ಸುಳ್ಳು. ಬಂದಿತ್ತು ಎಂದರೂ ಪೂರ್ತಿ ನಿಜವಲ್ಲ. ನೆನಪು ಬಾಗಿಲಲ್ಲಿ ನಿಂತಿತ್ತು, ಅವನು ಒಳಗೆ ಕೂತು ಟೈಪು ಮಾಡುತ್ತಿದ್ದ, ಅಷ್ಟೆ. ಒಂದು ದಿನ ಆ ಕಂಸದ ಪಕ್ಕದಲ್ಲಿ ಹೆಸರಿಲ್ಲದ ಯಾರೋ ಒಂದೇ ಪದ ಬರೆದು ಹೋಗಿದ್ದರು: ಯಾಕೆ? ಮರುದಿನ ಅದರ ಕೆಳಗೆ ಇನ್ನೊಂದು: ಬಸ್ಸಿಳಿಯುವಾಗ ಅವಳ ಬಲಗೈ ಎಲ್ಲಿತ್ತು ಅಂತ ಬರೆಯಲಿಲ್ಲವಲ್ಲ.

ಬಲಗೈ ಸೆರಗಿನೊಳಗಿತ್ತು. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ, ಸುಗ್ಗಿ ಮುಗಿದ ಹೊಸತರಲ್ಲಿ, ಅವನು ಬೈಕಿನ ಮೇಲೆ ಕಾದಿದ್ದ. ಅಕ್ಕ ಎಡಗೈಯಲ್ಲೇ ಕಂಬಿ ಹಿಡಿದು ಇಳಿದಳು. ಇವನು ಬಾಯಲ್ಲೇ ತಮಟೆ ಬಾರಿಸಿ, "ಬಂದ್ಲು ನೋಡಪ್ಪ ಹೀರೋಯಿನ್ನು, ಇಂಟ್ರೊಡಕ್ಷನ್ ಸಾಂಗ್ ಎಲ್ಲಿ?" ಎಂದ. ಅಕ್ಕ ನಕ್ಕಳು. ನಕ್ಕು, ಬೈಕು ಹತ್ತಲು ಹೋಗಿ, ಹತ್ತಲಾಗದೆ ನಿಂತಾಗ ಸೆರಗು ಜಾರಿತು. ಮಣಿಕಟ್ಟು ಹಣ್ಣಾದ ಬದನೆಯ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು, ಬೆರಳುಗಳು ಮಡಚಿದಲ್ಲೇ ಇದ್ದವು. ಬಾಗಿಲಿಗೆ ಸಿಕ್ಕಿತು ಎಂದು ಅವಳು ಆಮೇಲೆ ಅವ್ವನಿಗೆ ಹೇಳಿದ್ದು. ಇವನಿಗೆ, ದಾರಿಯಲ್ಲಿ, ಬೆನ್ನ ಹಿಂದಿನಿಂದ, ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿದ್ದಂತೆ, "ಸಿಕ್ಕಿದ್ದಲ್ಲ ಕಣೋ, ಸಿಗ್ಸಿದ್ದು. ಸಿಗ್ಸಿ ಒತ್ತಿ ಹಿಡಿದ್ರು" ಎಂದಿದ್ದಳು. ಇವನು ಗಾಡಿ ಓಡಿಸುತ್ತಲೇ ಇದ್ದ. ಏನಾದರೂ ಹೇಳಬೇಕಿತ್ತು. ಗಂಟಲಿಗೆ ಬಂದದ್ದೆಲ್ಲ ಯಾವುದೋ ಪರದೆಯ ಮೇಲೆ ಯಾರೋ ಆಗಲೇ ಹೇಳಿ ಚಪ್ಪಾಳೆ ತೆಗೆದುಕೊಂಡ ಮಾತುಗಳಾಗಿದ್ದವು. ಅವುಗಳನ್ನು ಬಿಟ್ಟರೆ ಒಳಗೆ ಖಾಲಿ. ಆ ಖಾಲಿಗೆ ಹೆದರಿಯೇ ಇರಬೇಕು, ಮನೆಯ ತಿರುವಿನಲ್ಲಿ ಹಾರ್ನನ್ನು ರಾಗವಾಗಿ ಬಾರಿಸಿದ್ದ.

ಹೆಸರಿಲ್ಲದ ಆ ಪ್ರಶ್ನೆ ಯಾರದೆಂದು ಗೊತ್ತಾಗಬೇಕಿತ್ತು. ಬಸ್ಸಿಳಿಯುವಾಗ ಆ ಕೈಯನ್ನು ನೋಡಿದವನು ಇವನೊಬ್ಬನೇ, ಮತ್ತೆ ಕೈ ಯಾರದೋ ಅವಳು. ಆದರೆ ಗೊತ್ತಾಗುವುದನ್ನು ತಡೆಯುವ ಜಾಣತನ ಮನುಷ್ಯನಿಗೆ ಹುಟ್ಟಿನಿಂದಲೇ ಇರುತ್ತದೆ. ಇದು ತನ್ವೀರನ ಕೆಲಸ ಎಂದು ಸ್ವಲ್ಪ ಹೊತ್ತು, ನಾಟಕದ ಹಾರ್ಮೋನಿಯಂ ಮಾಸ್ತರರ ಕೊಂಕು ಎಂದು ಸ್ವಲ್ಪ ಹೊತ್ತು ನಂಬಿ, "ಹೆಸರು ಹೇಳೋ ದಮ್ ಇಲ್ದೋರು ನನ್ನ ಡೈಲಾಗ್ ಮುಟ್ಟಬಾರದು. ಮುಖವಾಡಕ್ಕೆ ಇಲ್ಲಿ ಪಾತ್ರ ಇಲ್ಲ" ಎಂದು ಕೆಳಗೆ ಜಡಿದು, ಸೆಟ್ಟಿಂಗ್ ಬದಲಿಸಿದ. ಇನ್ನು ಮುಂದೆ ಲಾಗಿನ್ ಆಗಬೇಕು, ಅನುಮತಿ ಕೇಳಬೇಕು, ಹೆಸರಿದ್ದವರಿಗೆ ಮಾತ್ರ ಪ್ರವೇಶ. ಗುಂಪಿನಲ್ಲಿ ಹುಡುಗರು ಚಪ್ಪಾಳೆಯ ಚಿತ್ರ ಕಳಿಸಿದರು. ಯಾಕೆ ಎಂದು ಕೇಳುವುದು ನಿಂತಿತು. ಅದೇ ಅವನಿಗೆ ಬೇಕಾಗಿದ್ದು, ಯಾರು ಎಂದು ತಿಳಿಯುವುದಲ್ಲ.

ಈಗ ಈ ಸುರೇಂದ್ರ. ತೀರ್ಥೇಶ ಅನುಮತಿ ಕೊಟ್ಟ. ಬೆರಳು ಒತ್ತಿದ ಮೇಲೆ ಮನಸ್ಸು ಒಪ್ಪಿತು. ಹುಲಿಯ ಪಕ್ಕದ ಬಾಯಿಗೆ ಬಣ್ಣ ಹಚ್ಚುತ್ತಾ ಮತ್ತೆ ಮತ್ತೆ ಫೋನು ನೋಡಿದ. ತನ್ವೀರ್ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದ ಮೇಲೆ ಒಂದು ಪ್ರಶ್ನೆ ಬಂತು. ವನಜಳ ಮಾತಿನ ಪಕ್ಕ, ಕಪ್ಪು ಕನ್ನಡಕದ ಮುಖದ ಪಕ್ಕ: ಈ ಹೆಂಡತಿ ಯಾರು?

ಅಷ್ಟೇ. ಬೈಗುಳವಿಲ್ಲ, ನಗುವ ಚಿತ್ರವಿಲ್ಲ. ಭಾವ ಸಿಟ್ಟಾಗಿದ್ದಾನೆ. ತನ್ನ ಮನೆಯ ವಿಷಯ ರಂಗಕ್ಕೆ ಹತ್ತುತ್ತಿದೆ ಎಂದು, ಉಪ್ಪು ಕಡಿಮೆ ಎನ್ನುವ ಗಂಡ ತಾನೇ ಎಂದು. ತೀರ್ಥೇಶನಿಗೆ ಕಂಡದ್ದು ಭಾವನ ಗೊಬ್ಬರದಂಗಡಿಯ ಗಲ್ಲಾದ ಹಿಂದೆ ಕೂತು ಹಲ್ಲುಕಡ್ಡಿ ಕಚ್ಚುವ ಆ ದವಡೆ. ಇಲ್ಲ ಭಾವ, ಇದು ನಿಮ್ಮನ್ನಲ್ಲ ಎನ್ನಬೇಕು. ನಿಮ್ಮನ್ನು ನಗಿಸಲಿಕ್ಕೆ ಬರೆದದ್ದು ಎನ್ನಬೇಕು. ಮನೆಯ ನಡುಕೋಣೆಯಲ್ಲಿ ಅಕ್ಕ ಹೇಳಿದ್ದ ಮಾತು ಇದೇ ಹೊತ್ತಿಗೆ ನೆನಪಾಯಿತು. "ನಾ ಹೇಳಿದ್ರೆ ಹಿರೇರು ಜಗಳ ಅಂತಾರೆ, ಅವ್ವ ಹೇಳಿದ್ರೆ ಅಳು ಅಂತಾರೆ. ಮನೆ ಗಂಡಸು ಅಂತ ಅವ್ರು ಕೇಳಾದು ನಿನ್ನ ಮಾತು. ನೀ ನೋಡಿದ್ದನ್ನ ನೀ ಹೇಳು, ಸಾಕು. ಅವ್ರು ನನ್ನ ವಾಪಸ್ ಕಳ್ಸಲ್ಲ." ಅದಕ್ಕೆ ಇವನು ಎದೆ ತಟ್ಟಿ, "ಈ ತಮ್ಮ ನಿಂತಿರೋವರ್ಗೂ ಆ ಮನೆ ನೆರಳು ನಿನ್ನ ಮೇಲೆ ಬಿದ್ರೆ, ಸೂರ್ಯನ್ನೇ ಕೇಸಿಗೆ ಹಾಕ್ತೀನಿ!" ಎಂದಿದ್ದ. ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು, ನಗುತ್ತಲೇ ನಂಬಿದ್ದಳು. ಆ ನೆನಪನ್ನು ಪಕ್ಕಕ್ಕೆ ಸರಿಸಿ, ಬೆರಳು ಓಡಿದ ಹಾಗೆ ಅವನು ಬರೆದ.

ಭಾವ, ನಿಮಗೆ ಗೊತ್ತಿಲ್ದೇ ಇರೋ ಪಾತ್ರನಾ? ನಮ್ ಚೈತ್ರಕ್ಕನೇ. ಸಣ್ಣ ಗೀರು ಬಿದ್ರೂ ಆಕ್ಸಿಡೆಂಟ್ ಅಂತ ಊರು ಸೇರ್ಸೋ ಗಿರಾಕಿ. ಚಿಕ್ಕೋಳಿದ್ದಾಗಿಂದ ಹಿಂಗೇ. ನೀವು ತಲೆ ಕೆಡಿಸ್ಕೋಬೇಡಿ, ಸೋಮವಾರ ನಾನೇ ಮಾತಾಡಿ ಗಾಡಿ ಹತ್ತಿಸ್ತೀನಿ.

ಕೊನೆಗೆ ನಗುವ ಮುಖಗಳನ್ನು ಉದ್ದಕ್ಕೆ ಸಾಲು ನಿಲ್ಲಿಸಿದ. ಕಳಿಸಿದ ಮೇಲೆ ಮೈ ಹಗುರಾಯಿತು, ಜ್ವರ ಬಿಟ್ಟವನ ಹಾಗೆ ಹಸಿವಾಯಿತು. ಎದುರಿನ ಗಾಡಿಯಿಂದ ಬಾಳೆಹಣ್ಣು ತಂದು ತಿಂದ. ಭಾವನಿಂದ ಉತ್ತರ ಬರಲಿಲ್ಲ. ಒಂದಾದರೂ ನಗುವ ಮುಖ ಬರಬಹುದಿತ್ತು. ಬರದಿದ್ದಾಗ ಅವನಿಗೆ ಅವಮಾನವಾಯಿತು. ತಾನು ಬರೆದದ್ದಕ್ಕಲ್ಲ, ಬರೆದದ್ದು ಸಾಕಷ್ಟು ತಮಾಷೆಯಾಗಿರಲಿಲ್ಲವೇನೋ ಎಂದು.

ಉಡುತಡಿ ದಾಟಿ, ಶಿರಾಳಕೊಪ್ಪ ದಾಟಿ ಬೈಕು ಸೊರಬದ ಕಡೆ ಓಡುವಾಗ ಹೊಲಗಳ ಮೇಲೆ ಇನ್ನೂ ಬಿಸಿಲಿತ್ತು. ಜೋಳದ ಲಾರಿಯೊಂದು ಮುಂದೆ ಹೋಗುತ್ತಿತ್ತು, ಅದರ ಹಿಂದೆ ಯಾವನೋ ನಟನ ಕಣ್ಣುಗಳನ್ನು ಮಾತ್ರ ದೊಡ್ಡದಾಗಿ ಬರೆಸಿದ್ದರು. ಕಣ್ಣುಗಳು ಪ್ರತಿ ಗುಂಡಿಗೂ ಎದ್ದು ಬಿದ್ದು ಇವನನ್ನೇ ನೋಡುತ್ತಿದ್ದವು. ಹಿಂದಿಕ್ಕಲು ಎಷ್ಟು ಪ್ರಯತ್ನಿಸಿದರೂ ದಾರಿ ಸಿಗಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ ಇವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಟೆಂಟ್ ಸಿನಿಮಾಕ್ಕೆ ಕರೆದೊಯ್ಯುತ್ತಿದ್ದಳು. ಫೈಟಿಂಗ್ ಬಂದರೆ ಇವನು ಕುರ್ಚಿಯ ಮೇಲೆ ನಿಲ್ಲುತ್ತಿದ್ದ, ಹಿಂದಿನವರು ಬೈದರೆ ಅಕ್ಕ ಎದ್ದು ಜಗಳವಾಡುತ್ತಿದ್ದಳು. ಮನೆಗೆ ಬಂದು ಇವನು ಇಡೀ ಸಿನಿಮಾವನ್ನು ಆಡಿ ತೋರಿಸಿದರೆ ಮೊದಲ ಚಪ್ಪಾಳೆ ಅವಳದು. ಆ ಚಪ್ಪಾಳೆಗೆ ಈಗ ಒಂದು ಕೈ ಕಡಿಮೆಯಾಗಿದೆ ಎಂಬ ಯೋಚನೆ ಬಂದು, ಯೋಚನೆಯಲ್ಲೂ ಒಂದು ಪಂಚ್ ಇದೆಯಲ್ಲ ಎಂದು ಮೆಚ್ಚಿಕೊಂಡದ್ದಕ್ಕೆ ಅವನಿಗೆ ಅವನ ಮೇಲೆಯೇ ವಾಕರಿಕೆ ಬಂತು.

ಅವ್ವ ಹೂವಮ್ಮ ಅಂಗಳದಲ್ಲಿ ಹಪ್ಪಳ ಎತ್ತುತ್ತಿದ್ದಳು. ಅಕ್ಕ ನಡುಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಫೋನು.

"ಬಂದ್ಯಾ? ಚಾ ಮಾಡ್ಲಾ?" ಎಂದಳು. ದನಿಯಲ್ಲಿ ಏನೂ ಇರಲಿಲ್ಲ.

"ಮಾಡಕ್ಕಾ. ಸ್ಟಾರಿಗೆ ಸ್ಟ್ರಾಂಗಾಗಿರ್ಲಿ."

ಅವಳು ಏಳುವಾಗ ಫೋನನ್ನು ಚಾಪೆಯ ಮೇಲಿಟ್ಟಳು, ಪರದೆ ಮೇಲ್ಮುಖವಾಗಿಯೇ. ಮುಚ್ಚಿಡುವ ಯಾವ ಅವಸರವೂ ಅವಳಿಗಿರಲಿಲ್ಲ. ತೆರೆದಿದ್ದದ್ದು ಅವನ ನಾಟಕ. ಮೇಲಿನ ಮೂಲೆಯಲ್ಲಿ, ಯಾರ ಹೆಸರಿನಲ್ಲಿ ಒಳಗೆ ಬಂದಿದ್ದಾರೋ ಅವರ ಮುಖ ಇರಬೇಕಾದ ಜಾಗದಲ್ಲಿ, ಕಪ್ಪು ಕನ್ನಡಕ ಹಾಕಿ ಕಾರಿಗೆ ಒರಗಿ ನಿಂತವನ ಪುಟ್ಟ ದುಂಡು ಚಿತ್ರವಿತ್ತು.

ತೀರ್ಥೇಶ ಫೋನೆತ್ತಿಕೊಂಡ. ಅದು ಅಕ್ಕನ ಫೋನೇ, ಒಡೆದ ಮೂಲೆಗೆ ಅಂಟಿಸಿದ ಟೇಪು ಇತ್ತು. "ಇದು... ಇದ್ರಲ್ಲಿ ಭಾವನ ಐಡಿ ಯಾಕಿದೆ?"

"ಮದ್ವೆಯಾದ ಹೊಸತ್ರಲ್ಲಿ ಫೋನ್ ಕೊಡಿಸಿದ್ರಲ್ಲ, ಅವ್ರೇ ಹಾಕ್ಕೊಟ್ಟಿದ್ದು. ನಿಂಗ್ಯಾಕೆ ಬೇರೆ ಅಂದ್ರು. ನಂಗೆ ಬೇರೆ ಯಾವ್ದಿದೆ?"

"ಹಂಗಾರೆ ಆ ಪ್ರಶ್ನೆ..."

"ಮೊದ್ಲು ಬ್ರೌಸರಲ್ಲಿ ಹಂಗೇ ಓಪನ್ ಆಗ್ತಿತ್ತು. ಕೇಳ್ದೆ. ನೀನು ಹೆಸರಿಲ್ದೋರು ಬರಬಾರ್ದು ಅಂದೆ. ಲಾಗಿನ್ ಆಗು ಅಂತು ಫೋನು. ಒತ್ತಿದ್ರೆ ಒಂದೇ ಹೆಸ್ರು ತೋರ್ಸ್ತು." ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದಳು, ಬಿಡಿಸಲು. "ನನ್ ಹೆಸ್ರಲ್ಲಿ ಕೇಳಿದ್ರೆ ನೀ ಏನಾದ್ರೂ ಡೈಲಾಗ್ ಹೊಡೀತಿದ್ದೆ. ಅವ್ರ ಹೆಸ್ರು ನೋಡಿ ನಿಜ ಬರ್ದೆ."

"ಅಕ್ಕಾ, ಅದು ನಿಜ ಅಲ್ಲ ಮಾರಾಯ್ತಿ! ಸುಮ್ನೆ... ಭಾವಂಗೆ ಅಂತ..."

"ಹೌದು, ಭಾವಂಗೆ ಅಂತ."

ಅವನು ತನ್ನ ಫೋನು ತೆಗೆದು ಆ ಉತ್ತರವನ್ನು ಹುಡುಕಿ ಅಳಿಸಿದ. ಅಳಿಸಲೇ ಎಂದು ಯಂತ್ರ ಇನ್ನೊಮ್ಮೆ ಕೇಳಿದಾಗ ಜೋರಾಗಿ ಒತ್ತಿದ, ಜೋರಾಗಿ ಒತ್ತಿದರೆ ಹೆಚ್ಚು ಅಳಿಯುತ್ತದೆ ಎಂಬಂತೆ. ಸಾಲು ನಿಂತಿದ್ದ ನಗುವ ಮುಖಗಳೆಲ್ಲ ಒಮ್ಮೆಗೇ ಮಾಯವಾದವು.

"ಅಳ್ಸಿದ್ಯಾ? ಒಳ್ಳೇದಾಯ್ತು," ಎಂದಳು ಅಕ್ಕ. "ಆ ಐಡಿ ಅವ್ರ ಫೋನಲ್ಲೂ ಇದೆ ಕಣೋ. ನೀ ಉತ್ತರ ಕೊಟ್ಟ ಕೂಡ್ಲೇ ಇಮೇಲ್ ಬಂದಿದೆ, ನಂಗೂ ಬಂತು. ನೀ ಇಲ್ಲಿ ಅಳ್ಸಿದ್ರೆ ಅದು ಹೋಗಲ್ಲ." ಒಳಗೆ ಹಾಲು ಉಕ್ಕುವ ಸದ್ದಾಯಿತು. ಅವಳು ಹೋಗಿ ಒಲೆ ಸಣ್ಣ ಮಾಡಿದಳು. ಚಾ ತಂದು ಅವನ ಮುಂದಿಟ್ಟಳು. ಸ್ಟ್ರಾಂಗಾಗಿಯೇ ಇತ್ತು.

ಸೋಮವಾರ ಜಗಲಿಯ ಮೇಲೆ ಕಂಬಳಿ ಹಾಸಿದ್ದರು. ಊರಿನ ಹಿರಿಯ ವೀರಬಸಪ್ಪಜ್ಜ ನಡುವೆ, ಆಚೀಚೆ ನಾಲ್ಕೈದು ಜನ. ಸುರೇಂದ್ರ ಶಿಕಾರಿಪುರದಿಂದ ಕಾರಿನಲ್ಲಿ ಬಂದಿದ್ದ, ಬಿಳಿ ಅಂಗಿಯಲ್ಲಿ, ಕನ್ನಡಕವಿಲ್ಲದೆ. ಕನ್ನಡಕ ತೆಗೆದರೆ ಅವನ ಕಣ್ಣು ಇಷ್ಟು ಸಾಧುವಾಗಿರುತ್ತದೆಂದು ತೀರ್ಥೇಶನಿಗೆ ಗೊತ್ತಿರಲಿಲ್ಲ. ನಡುವಿನ ಎರಡು ದಿನವೂ ತೀರ್ಥೇಶ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದ್ದ. ನಾನು ಅಕ್ಕನ ಕೈ ನೋಡಿದ್ದೇನೆ. ನಾನು ಅಕ್ಕನ ಕೈ ನೋಡಿದ್ದೇನೆ. ವಾಕ್ಯ ಬರೀ ಇಷ್ಟೇ ಇರುವುದು ಅವನಿಗೆ ಕಷ್ಟವಾಗಿತ್ತು, ಅದರಲ್ಲಿ ಎಲ್ಲಿ ದನಿ ಏರಿಸಬೇಕು, ಎಲ್ಲಿ ತಿರುಗಿ ನೋಡಬೇಕು ಎಂದು ತಿಳಿಯುತ್ತಿರಲಿಲ್ಲ. ಅಕ್ಕ ಒಳಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವ್ವ ಅವಳ ಹಿಂದೆ.

"ನಾನೇನೂ ಮಾತಾಡಂಗಿಲ್ರಿ ಹಿರೇರೇ," ಎಂದ ಸುರೇಂದ್ರ, ಕೈ ಮುಗಿದು. "ನಾ ಮಾತಾಡಿದ್ರೆ ಗಂಡ ಅಂತೀರಿ. ಈಕಿ ತಮ್ಮ ಬರ್ದಾನ, ಅದನ್ನಷ್ಟು ಓದ್ತೀನಿ." ಫೋನು ತೆಗೆದು ಆ ಇಮೇಲನ್ನು ಓದಿದ. ನಿಧಾನವಾಗಿ, ಮರ್ಯಾದೆಯಿಂದ, ಒಂದು ಪದವನ್ನೂ ಏರಿಸದೆ ಇಳಿಸದೆ. ಸಣ್ಣ ಗೀರು ಬಿದ್ರೂ. ಊರು ಸೇರ್ಸೋ ಗಿರಾಕಿ. ಗಾಡಿ ಹತ್ತಿಸ್ತೀನಿ.

ವೀರಬಸಪ್ಪಜ್ಜ ಫೋನು ಈಸಿಕೊಂಡು ದೂರ ಹಿಡಿದು ನೋಡಿದ. ಅಲ್ಲಿ ತೀರ್ಥೇಶನ ಪೂರ್ತಿ ಹೆಸರಿತ್ತು, ಪಕ್ಕದಲ್ಲಿ ಅವನೇ ಫ್ಲೆಕ್ಸ್ ಅಂಗಡಿಯಲ್ಲಿ ತನಗೆ ತಾನೇ ಕಿರೀಟ ತೊಡಿಸಿಕೊಂಡ ಚಿತ್ರ. "ತೀರ್ಥೇಶಾ, ಇದು ನಿನ್ನ ಮಾತೇ ಏನಪ್ಪ?"

ಎಲ್ಲರೂ ಅವನ ಕಡೆ ತಿರುಗಿದರು. ಈಗ ಹೇಳಬಹುದು. ಹೌದಜ್ಜ, ಬರೆದೆ, ಸುಳ್ಳು ಬರೆದೆ, ಈತನಿಗೆ ಹೆದರಿ ಬರೆದೆ, ನಾನು ಅಕ್ಕನ ಕೈ ನೋಡಿದ್ದೇನೆ. ಅವನು ಬಾಯಿ ತೆರೆದ. ತೆರೆದ ಬಾಯಿಯನ್ನು ಜನ ನೋಡುತ್ತಿದ್ದರು. ಆಗ ಅವನಿಗೆ ಆ ಮೌನದ ಗುರುತು ಸಿಕ್ಕಿತು. ಮಾತಿಗೆ ಮುಂಚೆ, ನಗುವಿಗೆ ಮುಂಚೆ, ಜನ ಉಸಿರು ಹಿಡಿದು ಸ್ವಲ್ಪವೇ ಮುಂದಕ್ಕೆ ಬಾಗುವ ಮೌನ. ಅದು ಬಂದರೆ ಅವನ ನಾಲಿಗೆ ಅವನದಾಗಿರುತ್ತಿರಲಿಲ್ಲ.

"ಅಜ್ಜಾ, ಈ ಕೋರ್ಟ್ ಸೀನಿಗೆ ನಂಗಿನ್ನೂ ಡೈಲಾಗೇ ಕೊಟ್ಟಿಲ್ಲ!"

ಜಗಲಿ ಗೊಳ್ಳೆಂದಿತು. ವೀರಬಸಪ್ಪಜ್ಜ ಕೂಡ, ಬೇಡ ಬೇಡವೆಂದರೂ, ಹೊಟ್ಟೆ ಕುಣಿಸಿ ನಕ್ಕು, ಹೆಗಲ ವಲ್ಲಿಯಿಂದ ಕಣ್ಣೊರೆಸಿಕೊಂಡ. "ಇವ್ನೊಬ್ಬ, ಸಾವಿನ್ಮನೇಲೂ ನಗ್ಸ್ತಾನೆ. ಹೂಂ. ನೋಡು ತಂಗಿ, ನಿನ್ ತಮ್ಮನೇ ಹಿಂಗಂದ್ಮೇಲೆ ನಾವೇನು ಹೇಳಾದು? ಸಣ್ಣಪುಟ್ಟದು ಎಲ್ಲರ ಮನೇಲೂ ಇರುತ್ತೆ. ಹೊರಡು."

ಅಕ್ಕ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಅವ್ವ ಅವಳ ಹಣೆಗೆ ಕುಂಕುಮವಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು. ಜನ ಚದುರುವಾಗ ತೀರ್ಥೇಶ ಕಾರಿನವರೆಗೆ ಓಡಿದ.

"ಅಕ್ಕಾ, ಇರು. ಈಗ ಹೇಳ್ತೀನಿ. ಅಜ್ಜನ್ನ ಕರ್ದು ಈಗ್ಲೇ ಎಲ್ಲಾ ಹೇಳ್ತೀನಿ."

ಅವಳು ಎಡಗೈಯಿಂದ ಕಾರಿನ ಬಾಗಿಲು ತೆಗೆದಳು. ಅವನ ಮುಖವನ್ನು ನೋಡಿದಳು. ಮುಖದಲ್ಲಿ ಏನನ್ನೋ ಹುಡುಕುವವಳ ಹಾಗೆ ಅಲ್ಲ, ಹುಡುಕಿ ಮುಗಿಸಿದವಳ ಹಾಗೆ. "ಬೇಡ ಬಿಡೋ," ಎಂದಳು. "ಅಲ್ಲಿ ಹೊಡೆಯೋರು ನನ್ನ ಮುಂದೆ ನಿಂತು ಹೊಡೀತಾರೆ." ಒಳಗೆ ಕೂತು, ಬಲಗೈಯನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡು, ಬಾಗಿಲು ಎಳೆದುಕೊಂಡಳು.

ಸುರೇಂದ್ರ ಗಾಡಿ ಚಾಲೂ ಮಾಡಿ ಕಿಟಕಿ ಇಳಿಸಿದ. ಕನ್ನಡಕ ಹಾಕಿಕೊಂಡಿದ್ದ. "ಏ ಕಲಾವಿದ, ನಾಟ್ಕ ಭಾಳ ಚಲೋ ಐತಿ, ಪೂರಾ ಓದೀನಿ. ಆ ಹೆಂಡ್ತಿ ಪಾತ್ರ ಮಾತ್ರ ಒಂಚೂರೂ ಬದಲ್ ಮಾಡಬ್ಯಾಡ. ಆಡೋ ದಿನ ನಮ್ಮಿಬ್ರಿಗೂ ಮುಂದಿನ ಸಾಲಿನಾಗ ಖುರ್ಚಿ ಹಾಕ್ಸು. ಕರ್ಕೊಂಡು ಬರ್ತೀನಿ."

"ಆಯ್ತು ಭಾವ" ಎಂದಿತು ದನಿ. ಅಕ್ಕ ತಿರುಗಿ ನೋಡಲಿಲ್ಲ.